ಮಂಡ್ಯದ ಗಂಡಿಗೆ ಸಿನಿಮಾ ಸಿಕ್ಕಿತು, ಹೆಣ್ಣಿಗೆ?

1994ರಲ್ಲಿ ಎ.ಟಿ. ರಘು ನಿರ್ದೇಶನದ ‘ಮಂಡ್ಯದ ಗಂಡು’ ತೆರೆಗೆ ಬಂತು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಅದರ ನಾಯಕ. ಸಿನಿಮಾ ಬಂದು ಹೋಯಿತು, ಹೆಸರು ಮಾತ್ರ ನಿಂತಿತು. ಮೊದಲು ಅಂಬರೀಶ್ ಅವರ ಬಿರುದಾಯಿತು, ಆಮೇಲೆ ಇಡೀ ಜಿಲ್ಲೆಯ ಗಂಡಸರ ಠೀವಿಯ ಗುರುತಾಯಿತು. ಇದಕ್ಕೆ ಸರಿಸಾಟಿಯಾಗಿ ಮಂಡ್ಯದ ಹೆಣ್ಣು ಎಂದರೆ ಯಾವ ಪಾತ್ರ ಕಣ್ಣಮುಂದೆ ಬರುತ್ತದೆ ಎಂದು ಕೇಳಿದರೆ ಜಿಲ್ಲೆಯವರೇ ತಡವರಿಸಬೇಕಾಗುತ್ತದೆ.

ಹಾಗಂತ ಈ ಸೀಮೆಗೆ ಕ್ಯಾಮೆರಾ ಬಾರದೇ ಇದ್ದದ್ದೇನಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಗೆ ಹತ್ತಿರದ ಮಹದೇವಪುರವೆಂದರೆ ಗಾಂಧಿನಗರಕ್ಕೆ ಚಿರಪರಿಚಿತ. ಕಾವೇರಿ ದಂಡೆ, ಸೇತುವೆ, ಹೆಂಚಿನ ಮನೆ, ಗದ್ದೆಬಯಲು ಎಲ್ಲವೂ ಒಂದೇ ಕಡೆ ಸಿಗುವುದರಿಂದ ಚಿತ್ರತಂಡಗಳು ಅಲ್ಲಿ ಬೀಡುಬಿಡುವುದು ಹಳೆಯ ರೂಢಿ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಲ್ಯಾಣಿ, ಬೆಟ್ಟ, ರಾಯಗೋಪುರಗಳು ಕನ್ನಡಕ್ಕಷ್ಟೇ ಅಲ್ಲ, ತಮಿಳು ಸಿನಿಮಾಕ್ಕೂ ಬೇಕಾದವು. ರಜನಿಕಾಂತ್ ಅವರ ‘ಲಿಂಗಾ’ದ (2014) ಚಿತ್ರೀಕರಣವೂ ಅಲ್ಲಿ ನಡೆಯಿತು. ಕನ್ನಂಬಾಡಿಯ ಬೃಂದಾವನದಲ್ಲಿ ಹಾಡಿಕೊಂಡು ಓಡಾಡಿದ ಜೋಡಿಗಳಿಗೆ ಲೆಕ್ಕವಿಲ್ಲ. ನಾಲೆ ಏರಿಯ ಮೇಲೆ ಲಂಗ ದಾವಣಿಯ ನಾಯಕಿ ಕುಣಿಯುವಾಗ, ಹಗ್ಗದಾಚೆ ನಿಂತು ನೋಡುವವರಲ್ಲಿ ಆಗತಾನೆ ಗದ್ದೆಯಿಂದ ಎದ್ದು ಬಂದ ಹೆಂಗಸರೂ ಇರುತ್ತಾರೆ. ನೆಲ ಪರದೆಗೆ ಹೋಯಿತು. ಅದರ ಮೇಲೆ ಬಗ್ಗಿ ದುಡಿಯುವವರು ಹಗ್ಗದ ಈಚೆಯೇ ಉಳಿದರು.

ಅವರ ದಿನಚರಿಯನ್ನು ಒಮ್ಮೆ ನೋಡಬೇಕು. ಕೋಳಿ ಕೂಗುವ ಹೊತ್ತಿಗೆ ಕೊಟ್ಟಿಗೆ ಗುಡಿಸಿ, ಹಾಲು ಕರೆದು ಡೇರಿಗೆ ಹಾಕಬೇಕು. ನಾಟಿಯ ಕಾಲದಲ್ಲಿ ಇಡೀ ದಿನ ಕೆಸರಿನಲ್ಲಿ ನಿಲ್ಲಬೇಕು, ನಾಟಿ ಮುಗಿದರೆ ಕಳೆ, ಕಳೆ ಮುಗಿದರೆ ಕಬ್ಬಿನ ಸೋಗೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಕೊನೆಯ ಜ್ವರ ಕಳೆದು ಹುಳು ಹಣ್ಣಾಗುವ ಮುಂಚಿನ ದಿನಗಳು ಬಂದರೆ ರಾತ್ರಿಯೂ ಸೊಪ್ಪು ಹಾಕಬೇಕು, ನಿದ್ದೆಯ ಮಾತೇ ಇಲ್ಲ. ವಾರಕ್ಕೊಮ್ಮೆ ಸಂಘದ ಸಾಲದ ಕಂತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಿಂದ ಹೆಣ್ಣುಮಕ್ಕಳು ಬೆಳಿಗ್ಗೆಯೇ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬೇಸಾಯ, ಹೈನು, ಕೂಲಿ, ಕಾರ್ಖಾನೆ ನಾಲ್ಕನ್ನೂ ಒಂದೇ ಮೈಯಲ್ಲಿ ತೂಗಿಸುವ ಈ ಹೆಣ್ಣಿಗೆ ಕನ್ನಡದ ಪರದೆ ಕೊಟ್ಟ ಪಾತ್ರಗಳು ಯಾವುವು?

ಹೆಚ್ಚಾಗಿ ಮೂರು. ಮೊದಲನೆಯದು ಮಣಿಸಬೇಕಾದ ಹೆಣ್ಣು. ಧುತ್ತರಗಿ ಅವರ ನಾಟಕವನ್ನು ಆಧರಿಸಿದ ‘ಸಂಪತ್ತಿಗೆ ಸವಾಲ್’ (1974) ಚಿತ್ರದಲ್ಲಿ ಮಂಜುಳಾ ಮಾಡಿದ ಸಾಹುಕಾರನ ಮಗಳ ಪಾತ್ರ ಇಂದಿಗೂ ಜನರ ನಾಲಗೆಯ ಮೇಲಿದೆ. ಅವಳ ಗತ್ತು, ಎದುರುಮಾತು ನೋಡಲು ಚೆನ್ನ. ಆದರೆ ಕತೆಯ ಗುರಿ ಆ ಗತ್ತನ್ನು ಇಳಿಸುವುದು. ಮಂಜುಳಾ ಅವರ ನಂತರ ಬಂದ ಎಷ್ಟೋ ಹಳ್ಳಿ ಬಜಾರಿಯರು ಇದೇ ದಾರಿ ಹಿಡಿದರು. ಮೊದಲರ್ಧದಲ್ಲಿ ಕೋಲು ಹಿಡಿದವರು ಕೊನೆಗೆ ಸೆರಗು ಹೊದ್ದರು.

ಎರಡನೆಯದು ತ್ಯಾಗದ ಹೆಣ್ಣು. ‘ಬಂಗಾರದ ಮನುಷ್ಯ’ (1972) ನೋಡಿ ಪೇಟೆ ಬಿಟ್ಟು ಊರಿಗೆ ಮರಳಿದ ಯುವಕರ ಕತೆಗಳನ್ನು ಕನ್ನಡಿಗರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಬೇಸಾಯಕ್ಕೆ ಅಷ್ಟು ಗೌರವ ತಂದ ಇನ್ನೊಂದು ಸಿನಿಮಾ ಇಲ್ಲ. ಅದರಲ್ಲಿ ಭಾರತಿ ಅವರ ಲಕ್ಷ್ಮಿ ಲವಲವಿಕೆಯ ಹುಡುಗಿ. ಆದರೂ ನೆಲ ಗೆದ್ದ ಕೀರ್ತಿಯೆಲ್ಲ ರಾಜೀವನದು. ಲಕ್ಷ್ಮಿಯ ಸಾವು ಅವನ ದುಃಖಕ್ಕೆ ಇನ್ನೊಂದು ಪದರವಾಗಿ ಬರುತ್ತದೆ. ಅನ್ನ ಬೆಳೆಯುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಬೆವರು ಸುರಿಸುವವಳು ಆ ಕೆಲಸದ ಮಹಾಕಾವ್ಯದಲ್ಲಿ ಮಡದಿಯಾಗಿ ಮಾತ್ರ ನಿಂತಳು.

ಮೂರನೆಯದು ಅಳುವ ಹೆಣ್ಣು, ಅದರಲ್ಲೂ ತವರಿನ ತಂಗಿ. ‘ತವರಿಗೆ ಬಾ ತಂಗಿ’ (2002) ಬಂದಾಗ ಹಳ್ಳಿ ಹೆಂಗಸರು ಟ್ರ್ಯಾಕ್ಟರ್ ಕಟ್ಟಿಕೊಂಡು ಟಾಕೀಸಿಗೆ ಹೋದರು. ಆ ಕಣ್ಣೀರನ್ನು ಹಗುರವಾಗಿ ಕಾಣುವುದು ತಪ್ಪು. ಗಂಡನ ಮನೆಯಲ್ಲಿ ಬಾಯಿ ಬಿಡಲಾಗದವಳಿಗೆ ಆ ಕತ್ತಲೆಯ ಮೂರು ಗಂಟೆ ಅಳಲು ಸಿಕ್ಕ ಜಾಗ. ಪ್ರಶ್ನೆ ಇರುವುದು ಬೇರೆ ಕಡೆ: ಅತ್ತು ಮುಗಿದ ಮೇಲೆ ಅವಳು ಏನು ಮಾಡಿದಳು ಎಂಬುದನ್ನು ಆ ಸಿನಿಮಾಗಳು ಹೇಳಲಿಲ್ಲ. ಮಂಡ್ಯದವರೇ ಆದ ಪ್ರೇಮ್ ನಿರ್ದೇಶಿಸಿದ ‘ಜೋಗಿ’ಯಲ್ಲಿ (2005) ಮಗನನ್ನು ಹುಡುಕುತ್ತ ಬೆಂಗಳೂರಿಗೆ ಬರುವ ಭಾಗ್ಯಕ್ಕನನ್ನು ಅರುಂಧತಿ ನಾಗ್ ಮರೆಯಲಾಗದಂತೆ ಮಾಡಿದ್ದಾರೆ. ಆದರೆ ಅವಳೂ ಹುಡುಕಾಟದಲ್ಲೇ ಮುಗಿಯುವ ತಾಯಿ.

ಈ ಮೂವರಲ್ಲೂ ಒಂದು ಸಾಮ್ಯವಿದೆ. ಅವಳು ಯಾವಾಗಲೂ ಯಾರಿಗೋ ಏನೋ ಆಗಿರುತ್ತಾಳೆ: ಮಗಳು, ಮಡದಿ, ತಂಗಿ, ತಾಯಿ. ಪರದೆಯಾಚೆಗೂ ಇದು ತಪ್ಪಲಿಲ್ಲ. ಮಂಡ್ಯ ಲೋಕಸಭಾ ಕ್ಷೇತ್ರ 2013ರ ಉಪಚುನಾವಣೆಯಲ್ಲಿ ರಮ್ಯಾ ಅವರನ್ನು, 2019ರಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅವರನ್ನು ಗೆಲ್ಲಿಸಿತು. ಇಬ್ಬರು ನಟಿಯರನ್ನು ಸಂಸತ್ತಿಗೆ ಕಳಿಸಿದ ಜಿಲ್ಲೆ ಇದು. ಆ ಚುನಾವಣೆಗಳಲ್ಲಿ ಕೇಳಿದ ದೊಡ್ಡ ವಾದ ಮಾತ್ರ ಯಾರು ಮಂಡ್ಯದ ಮಗಳು, ಯಾರು ಮಂಡ್ಯದ ಸೊಸೆ ಎಂಬುದೇ ಆಗಿತ್ತು.

ಮಾತಿನ ವಿಷಯಕ್ಕೆ ಬಂದರೆ ನೋವು ಇನ್ನೂ ಆಳ. ‘ಎಂಗಿದ್ದೀಯವ್ವ’, ‘ಬತ್ತೀನಿ ಕನಕ್ಕ’ ಎನ್ನುವ ಈ ಸೀಮೆಯ ಮಾತು ಸಿನಿಮಾದಲ್ಲಿ ಯಾರ ಬಾಯಿಂದ ಬಂತು? ಮನೆಗೆಲಸದವಳು, ಸೊಪ್ಪು ಮಾರುವವಳು, ಹಾಸ್ಯದ ಜೋಡಿಯ ಹೆಂಗಸು. ನಾಯಕಿ ಅದೇ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳಾದರೂ ಪಾಠಪುಸ್ತಕದ ಕನ್ನಡ ಆಡುತ್ತಾಳೆ. ಹೊರಗಿನಿಂದ ಬಂದು ಕನ್ನಡ ಬಾರದ ನಾಯಕಿಗೆ ಡಬ್ಬಿಂಗ್ ಕಲಾವಿದೆಯೊಬ್ಬಳು ಕಂಠ ಕೊಡುತ್ತಾಳೆ, ಆ ಕಂಠಕ್ಕೂ ಊರಿರುವುದಿಲ್ಲ. ಗಂಡಸಿನ ಬಾಯಲ್ಲಿ ಮಂಡ್ಯದ ಮಾತು ಗತ್ತಾಗಿ ಚಪ್ಪಾಳೆ ಗಿಟ್ಟಿಸಿತು. ಹೆಂಗಸಿನ ಬಾಯಲ್ಲಿ ಅದೇ ಮಾತು ನಗೆಪಾಟಲಾಯಿತು.

ಹಾಲಿವುಡ್‌ನ ಲ್ಯಾಟಿನ್ ಅಮೆರಿಕ ಮೂಲದ ನಟಿಯರ ಕತೆ ಓದಿದವರಿಗೆ ಇದು ಹೊಸದೆನಿಸುವುದಿಲ್ಲ. ಪೋರ್ಟೊ ರಿಕೊದಲ್ಲಿ ಹುಟ್ಟಿದ ರೀಟಾ ಮೊರೆನೊ ‘ವೆಸ್ಟ್ ಸೈಡ್ ಸ್ಟೋರಿ’ಯ (1961) ಅನಿತಾ ಪಾತ್ರಕ್ಕೆ ಆಸ್ಕರ್ ಗೆದ್ದರು. ಆ ಚಿತ್ರದಲ್ಲಿ ಅವರ ಮೈಬಣ್ಣಕ್ಕಿಂತ ಕಪ್ಪಾದ ಬಣ್ಣ ಬಳಿದಿದ್ದರು. ಪ್ರಶಸ್ತಿಯ ನಂತರವೂ ಅಂಥವೇ ಪಾತ್ರಗಳು ಬಂದಾಗ ಅವರು ವರ್ಷಗಟ್ಟಲೆ ಸಿನಿಮಾದಿಂದ ದೂರ ಉಳಿದರು. ಮೆಕ್ಸಿಕೊ ಮೂಲದ ಲೂಪೆ ಒಂಟಿವೆರೋಸ್ ತಾವು ಮನೆಗೆಲಸದವಳಾಗಿ ನಟಿಸಿದ್ದು ಕಡಿಮೆಯೆಂದರೂ 150 ಸಲ ಎಂದು ಹೇಳಿಕೊಂಡಿದ್ದರು. ‘ಮಾಡರ್ನ್ ಫ್ಯಾಮಿಲಿ’ ಧಾರಾವಾಹಿಯಲ್ಲಿ ಸೋಫಿಯಾ ವೆರ್ಗಾರಾ ಅವರ ಗ್ಲೋರಿಯಾ ಇಂಗ್ಲಿಷ್ ಉಚ್ಚರಿಸುವ ರೀತಿಯೇ 11 ಸೀಸನ್‌ಗಳ ಕಾಲ ನಗೆಯ ಸರಕಾಯಿತು. ಅಲ್ಲಿ ವಲಸೆ, ಮೈಬಣ್ಣ. ಇಲ್ಲಿ ಜಾತಿ, ಹಳ್ಳಿ. ಕಾರಣಗಳು ಬೇರೆ, ಆದರೆ ದುಡಿಯುವ ಹೆಣ್ಣಿನ ಉಚ್ಚಾರಣೆಯನ್ನು ನಗೆಗೆ ಬಳಸುವ ಚಾಳಿ ಎರಡೂ ಕಡೆ ಒಂದೇ.

ನಮ್ಮಲ್ಲಿ ಇದನ್ನೆಲ್ಲ ಮೈಮೇಲೆ ಅನುಭವಿಸಿದ ಕಲಾವಿದೆ ಉಮಾಶ್ರೀ. ತುಮಕೂರು ಜಿಲ್ಲೆಯ ನೊಣವಿನಕೆರೆಯವರು. ರಂಗದ ಮೇಲೆ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಾಗಿ ಅವರು ನಿಂತರೆ ಹಳೇ ಮೈಸೂರು ಸೀಮೆಯ ಮುದುಕಿಯೊಬ್ಬಳು ಎದ್ದು ಬಂದಂತಿರುತ್ತಿತ್ತು. ಸಿನಿಮಾ ಅದೇ ಕಲಾವಿದೆಯನ್ನು ಏನು ಮಾಡಿತು? ಕಾಶೀನಾಥರ ‘ಅನುಭವ’ದಿಂದ (1984) ಹೆಸರಾದ ಮೇಲೆ ವರ್ಷಗಟ್ಟಲೆ ದ್ವಂದ್ವಾರ್ಥದ ಹಾಸ್ಯಕ್ಕೆ ಕಟ್ಟಿಹಾಕಿತು. ಅವರೊಳಗಿನ ಕಲಾವಿದೆಯನ್ನು ರಾಷ್ಟ್ರಪ್ರಶಸ್ತಿ ಗುರುತಿಸಲು ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ (2008) ಬರಬೇಕಾಯಿತು. ನಡುವೆ ಕಳೆದುಹೋದ ಆ ವರ್ಷಗಳು ಕನ್ನಡ ಸಿನಿಮಾದ ನಷ್ಟ.

ಪುಟ್ಟಣ್ಣ ಕಣಗಾಲರ ಕಾಲ ಹೆಣ್ಣಿನ ಪಾತ್ರಗಳ ಸುವರ್ಣಕಾಲವಾಗಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆಗಿತ್ತು. ತ್ರಿವೇಣಿ ಅವರ ಕಾದಂಬರಿಗಳಿಂದ ‘ಬೆಳ್ಳಿಮೋಡ’, ‘ಶರಪಂಜರ’, ಎಂ.ಕೆ. ಇಂದಿರಾ ಅವರದರಿಂದ ‘ಗೆಜ್ಜೆಪೂಜೆ’ ಬಂದವು. ಹೆಂಗಸರು ಬರೆದ ಕತೆ ಇದ್ದುದರಿಂದಲೇ ಕಲ್ಪನಾ ಅವರಂಥ ನಟಿಗೆ ಆ ಪಾತ್ರಗಳು ಸಿಕ್ಕವು. ಆದರೆ ಅವರಲ್ಲಿ ಬಹುಪಾಲು ಓದಿದ ಮಧ್ಯಮವರ್ಗದ ಮನೆಯ ಹೆಣ್ಣುಗಳು. ಕೆಸರುಗದ್ದೆಯ ಹೆಣ್ಣಿಗೆ ಒಬ್ಬ ತ್ರಿವೇಣಿ ಸಿಗಲಿಲ್ಲ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ ಆಧರಿಸಿದ ‘ಪರಸಂಗದ ಗೆಂಡೆತಿಮ್ಮ’ದ (1978) ಮರಂಕಿ ಈ ಸೀಮೆಗೆ ಹತ್ತಿರದವಳು, ಪೇಟೆಯ ನಾಜೂಕಿಗೆ ಆಸೆಪಟ್ಟವಳು. ಆ ಆಸೆಯೇ ಕತೆಯ ದುರಂತಕ್ಕೆ ಬೀಜವಾಯಿತು.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳ ಹೆಣ್ಣು ಪರದೆಯ ಮೇಲೆ ನಿಜವಾಗಿ ಮೂಡಿದ್ದೇ ಇಲ್ಲವೇ? ಮೂಡಿದ್ದಾಳೆ. ಹುಡುಕಿ ನೋಡಿದರೆ ಅಂಥ ಪಾತ್ರಗಳ ಬೇರು ಬಹುತೇಕ ಇಲ್ಲಿನ ಊರುಗಳಲ್ಲೇ ಇದೆ.

ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ 1942ರಲ್ಲಿ ‘ಮೈಸೂರ ಮಲ್ಲಿಗೆ’ ಪ್ರಕಟಿಸಿದರು. ಹೆಂಡತಿಯ ಮೇಲಿನ ಒಲವನ್ನು ಅಷ್ಟು ನಿರಾಳವಾಗಿ ಹೇಳಿದ್ದು ಕನ್ನಡಕ್ಕೆ ಹೊಸತಾಗಿತ್ತು. ಐದು ದಶಕಗಳ ನಂತರ ಟಿ.ಎಸ್. ನಾಗಾಭರಣ ಆ ಕವಿತೆಗಳನ್ನು ಹೆಣೆದು ಸಿನಿಮಾ ಮಾಡಿದಾಗ ಸುಧಾರಾಣಿ ಪದ್ಮಾ ಆದರು. ಕನ್ನಡದ ಅತ್ಯುತ್ತಮ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು, ಗೀತರಚನೆಗಾಗಿ ಕವಿಗೂ ಬಂತು. ತೆಂಗಿನ ನೆರಳು, ಬಳೆ, ಮಲ್ಲಿಗೆಯ ನಡುವಿನ ಆ ಹೆಣ್ಣು ಸುಂದರಳು, ಘನತೆಯುಳ್ಳವಳು. ಆದರೂ ಅವಳನ್ನು ನಾವು ಕಾಣುವುದು ಒಲಿದ ಗಂಡನ ಕಣ್ಣಿಂದ.

ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯ ಚಂದ್ರಶೇಖರ ಕತೆಗಾರರಾಗಿಯೂ ನಿರ್ದೇಶಕರಾಗಿಯೂ ಹೆಸರಾದವರು. ಅವರ ಕತೆಯೊಂದನ್ನು ಆಧರಿಸಿ ಬಿ. ಸುರೇಶ ‘ಪುಟ್ಟಕ್ಕನ ಹೈವೇ’ (2011) ಮಾಡಿದರು. ರಸ್ತೆಗೆ ಹೋಗಲಿರುವ ಜಮೀನು, ಅದರಲ್ಲಿರುವ ಗಂಡನ ಸಮಾಧಿ, ಅದನ್ನು ಉಳಿಸಿಕೊಳ್ಳಲು ಕಚೇರಿಯಿಂದ ಕಚೇರಿಗೆ ಅಲೆಯುವ ಪುಟ್ಟಕ್ಕ. ಕಣ್ಣೀರಿನ ನಾಯಕಿ ಎಂದೇ ಹೆಸರಾಗಿದ್ದ ಶ್ರುತಿ ಆ ಪಾತ್ರ ಮಾಡಿದರು. ಅದೇ ನಟಿ, ಆದರೆ ಈ ಸಲ ಅಳುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾಳೆ. ನೆಲದ ಜೊತೆ ಹೆಣ್ಣಿಗೆ ತನ್ನದೇ ನಂಟು ಇರುತ್ತದೆ, ಪಹಣಿಯಲ್ಲಿ ಯಾರ ಹೆಸರೇ ಇರಲಿ, ಎಂಬುದನ್ನು ಕನ್ನಡ ಸಿನಿಮಾ ಇಷ್ಟು ನೇರವಾಗಿ ಹೇಳಿದ್ದು ಅಪರೂಪ. ಈ ಚಿತ್ರಕ್ಕೂ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಂದಿತು.

ಆಮೇಲೆ ‘ತಿಥಿ’ (2015). ರಾಮ್ ರೆಡ್ಡಿ ನಿರ್ದೇಶನ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರೇ ಆದ ಈರೇಗೌಡರ ಬರವಣಿಗೆ, ಊರಿನವರೇ ನಟರು. ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಮಂಡ್ಯದ ಮಾತು ಗೇಲಿಯಾಗದೆ, ತನ್ನ ಪೂರ್ಣ ಲಯದಲ್ಲಿ ಜಗತ್ತಿನ ಮುಂದೆ ನಿಂತದ್ದು ಆಗ. ಸೆಂಚುರಿ ಗೌಡ, ಗಡ್ಡಪ್ಪ, ತಮ್ಮಣ್ಣ, ಅಭಿ ಎಂದು ಕತೆಯೆಲ್ಲ ಗಂಡು ತಲೆಮಾರುಗಳದೇ. ಆದರೆ ಅಂಚಿನಲ್ಲಿ ಇಬ್ಬರು ಹೆಂಗಸರಿದ್ದಾರೆ: ಬಡ್ಡಿಗೆ ದುಡ್ಡು ಕೊಡುವ ಕಮಲಕ್ಕ ಮತ್ತು ಕುರಿ ಕಾಯುವ ಕಾವೇರಿ. ಬಡ್ಡಿ ಲೆಕ್ಕ ಬಲ್ಲ ಹೆಂಗಸು ಮಂಡ್ಯದ ಯಾವ ಹಳ್ಳಿಯಲ್ಲಿಲ್ಲ? ಸಿನಿಮಾ ಮಾತ್ರ ಅವಳನ್ನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಕಮಲಕ್ಕನ ಕಡೆಯಿಂದಲೇ ಹೇಳಬಹುದಾದ ಇಡೀ ಸಿನಿಮಾವೊಂದು ಅಲ್ಲಿ ಬಾಕಿ ಇದೆ.

ಈರೇಗೌಡರು ತಾವೇ ನಿರ್ದೇಶಿಸಿದ ‘ಬಳೆಕೆಂಪ’ ಅಂಚಿನಿಂದ ಒಳಕ್ಕೆ ಬಂತು. 2018ರ ರಾಟರ್ಡ್ಯಾಮ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆದ ಚಿತ್ರ. ಊರೂರಿಗೆ ಬಳೆ ಹೊತ್ತೊಯ್ಯುವ ಕೆಂಪಣ್ಣ, ಮಕ್ಕಳಾಗಲಿಲ್ಲವೆಂದು ಎಲ್ಲರ ಬಾಯಿಗೆ ಬೀಳುವ ಹೆಂಡತಿ ಸೌಭಾಗ್ಯ. ಗಂಡನೊಳಗಿನ ಗುಟ್ಟು ಗಂಡನಿಗೆ, ಊರಿನ ಚುಚ್ಚುಮಾತು ಹೆಂಡತಿಗೆ. ಹಳ್ಳಿಯ ಹೆಣ್ಣಿಗೆ ದೇಹದ ಆಸೆಯೂ ಇದೆ, ಅದು ನಾಚಿಕೆಯ ವಿಷಯವಲ್ಲ ಎಂದು ಯಾವ ಗದ್ದಲವೂ ಇಲ್ಲದೆ ತೋರಿಸಿದ ಚಿತ್ರ ಇದು. ಮರಂಕಿಗೆ ಸಿಗದ ನ್ಯಾಯ ಸೌಭಾಗ್ಯಳಿಗೆ ಸಿಕ್ಕಿತು.

ಇವೆಲ್ಲ ಚಿತ್ರೋತ್ಸವದ ಸಿನಿಮಾಗಳು, ಅರಕೆರೆಯ ಮನೆಗಳಲ್ಲಿ ಸಂಜೆ ಹಾಕುವುದು ಟೀವಿ ಎನ್ನುವವರ ಮಾತೂ ಸರಿಯೇ. ಟೀವಿಯ ಹಳ್ಳಿ ಹೆಣ್ಣು ಎಷ್ಟೋ ಸಲ ಬೇರೆ ನಾಡಿನ ಅಚ್ಚಿನಿಂದ ಬಂದವಳು. ಬಹುಕಾಲ ಓಡಿದ ‘ಪುಟ್ಟಗೌರಿ ಮದುವೆ’ಯ ಮೂಲ ರಾಜಸ್ಥಾನದ ಹಿನ್ನೆಲೆಯ ‘ಬಾಲಿಕಾ ವಧು’. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ತೆಲುಗಿನ ‘ರಾಧಮ್ಮ ಕೂತುರು’ವಿನಿಂದ ಬಂದದ್ದು. ಆದರೆ ಎರಡನೆಯದನ್ನು ಉಮಾಶ್ರೀ ತಮ್ಮದಾಗಿಸಿಕೊಂಡರು. ಮೂರೂ ಹೆಣ್ಣಾದವೆಂದು ಗಂಡ ಬಿಟ್ಟುಹೋದ ಪುಟ್ಟಕ್ಕ ಮೆಸ್ ನಡೆಸಿ ಮಕ್ಕಳನ್ನು ಓದಿಸುತ್ತಾಳೆ. ಒಲೆಯ ಮುಂದೆ ನಿಂತು ಹಳೇ ಮೈಸೂರಿನ ಮಾತಾಡುವ, ನೂಲಿನ ಸೀರೆಯುಟ್ಟ, ನಡುವಯಸ್ಸು ದಾಟಿದ ಹೆಂಗಸು ರಾತ್ರಿಯ ಮುಖ್ಯ ಹೊತ್ತಿನಲ್ಲಿ ನಾಯಕಿಯಾದಳು. ಮನೆಯೊಳಗೇ ರೇಷ್ಮೆ ಸೀರೆಯುಟ್ಟು ಪಿತೂರಿ ಮಾಡುವ ಅತ್ತೆಯರ ನಡುವೆ ಇದೊಂದು ದೊಡ್ಡ ಬದಲಾವಣೆ. ಮುಂದೆ ಈ ಧಾರಾವಾಹಿಯೂ ಅಪಹರಣ, ಸೇಡುಗಳ ಹಳಿಗೆ ಬಿದ್ದದ್ದು ಬೇಸರದ ಸಂಗತಿ.

ಆ ಧಾರಾವಾಹಿ ಓಡುತ್ತಿದ್ದ ದಿನಗಳಲ್ಲಿ ಜಿಲ್ಲೆಯಲ್ಲಿ ನಡೆದದ್ದನ್ನು ನೆನೆದರೆ ಪುಟ್ಟಕ್ಕನ ಕತೆಯ ತೂಕ ತಿಳಿಯುತ್ತದೆ. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು ವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಗಂಡುಗಳ ಕಡೆಯವರು ಬಂದರೆ, ಹೆಣ್ಣುಗಳ ಸಂಖ್ಯೆ ಕೆಲವು ನೂರು ದಾಟಲಿಲ್ಲವೆಂದು ವರದಿಯಾಯಿತು. ಮರುವರ್ಷ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾಯಿತು. ಬೆಲ್ಲ ಬೇಯಬೇಕಾದ ಜಾಗ ಅದು. ರೈತನಿಗೆ ಹೆಣ್ಣು ಸಿಗದ ವಿಷಯ ಹಾಸ್ಯ ಕಾರ್ಯಕ್ರಮಗಳಲ್ಲಿ ಪೇಟೆ ಗಂಡನೇ ಬೇಕೆನ್ನುವ ಹುಡುಗಿಯ ಜೋಕಾಗಿ ಬರುತ್ತದೆ. ಅವಳು ಯಾಕೆ ಬೇಡ ಎನ್ನುತ್ತಾಳೆ, ತನ್ನ ತಾಯಿ ಸೊಂಟ ಹಿಡಿದುಕೊಂಡು ಕೂರುವುದನ್ನು ನೋಡಿ ಬೆಳೆದವಳ ಲೆಕ್ಕಾಚಾರವೇನು ಎಂಬುದನ್ನು ಒಂದು ಧಾರಾವಾಹಿಯಾದರೂ ಕೂತು ಕೇಳಬೇಕಿತ್ತು.

ಕೇಳುವವರು ಬಂದಿದ್ದಾರೆ ಎನ್ನುವುದಕ್ಕೆ ‘ಕೋಳಿ ಎಸ್ರು’ ಸಾಕ್ಷಿ. ಕಾ.ತ. ಚಿಕ್ಕಣ್ಣ ಅವರ ಕತೆ. ನಿರ್ದೇಶನ ಚಂಪಾ ಶೆಟ್ಟಿ ಅವರದು. ಎಷ್ಟೋ ನಾಯಕಿಯರಿಗೆ ಕಂಠ ಕೊಟ್ಟ ಡಬ್ಬಿಂಗ್ ಕಲಾವಿದೆ ಚಂಪಾ, ಕೊನೆಗೆ ತಾವೇ ಕ್ಯಾಮೆರಾದ ಹಿಂದೆ ನಿಂತರು. ಮಗಳ ಬಾಯಿಗೆ ಒಂದು ದಿನ ಕೋಳಿ ಎಸರು ಇಡಬೇಕೆನ್ನುವ ಹುಚ್ಚೇರಿ, ಅದಕ್ಕೆ ಅಡ್ಡಬರುವ ಬಡತನ ಮತ್ತು ಗಂಡಸರ ದರ್ಪ, ಇಷ್ಟೇ ಕತೆ. ಹುಚ್ಚೇರಿಯಾದವರು ಅಕ್ಷತಾ ಪಾಂಡವಪುರ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’ ಚಿತ್ರದಲ್ಲಿ ಮುಖ್ಯ ಪಾತ್ರ ಮಾಡಿದ ನಟಿ. ಪಾಂಡವಪುರ ತಾಲ್ಲೂಕಿನ ಮೇಲುಕೋ‌ಟೆಯಲ್ಲಿ 1948ರಲ್ಲಿ ಹುಟ್ಟಿದ ಇನ್ನೊಬ್ಬ ಹುಡುಗಿ, ಜಯಲಲಿತಾ, ‘ಚಿನ್ನದ ಗೊಂಬೆ’ಯಿಂದ (1964) ಕನ್ನಡದ ನಾಯಕಿಯಾಗಿ ಆಮೇಲೆ ತಮಿಳುನಾಡನ್ನೇ ಆಳಿದರು, ಹುಟ್ಟಿದ ಊರು ಅವರ ಪಾತ್ರಗಳಲ್ಲಿ ಎಲ್ಲೂ ಕಾಣಲಿಲ್ಲ. ಅಕ್ಷತಾ ಊರನ್ನು ಹೆಸರಿನಲ್ಲೇ ಹೊತ್ತರು, ಆ ಸೀಮೆಯ ಮಾತನ್ನು ನಾಯಕಿಯ ಮಾತಾಗಿಸಿದರು. ಮೆಕ್ಸಿಕೊದ ‘ರೋಮಾ’ದಲ್ಲಿ (2018) ಮನೆಗೆಲಸದವಳನ್ನೇ ಕತೆಯ ನಡುವಿಗೆ ತಂದಾಗ, ಅದುವರೆಗೆ ನಟಿಸಿಯೇ ಇರದ ಯಲಿತ್ಸಾ ಅಪಾರಿಸಿಯೊ ಆಸ್ಕರ್‌ನ ಅತ್ಯುತ್ತಮ ನಟಿ ಸ್ಪರ್ಧೆಗೇ ನಾಮನಿರ್ದೇಶನಗೊಂಡರು. ಅಂಚಿನಲ್ಲಿದ್ದವಳನ್ನು ನಡುವಿಗೆ ಕರೆದರೆ ಇಂಥದ್ದು ಸಾಧ್ಯ.

ಕತೆಗಳಿಗಂತೂ ಬರವಿಲ್ಲ. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಕೆಲಸ ನಿಲ್ಲಿಸಿದಾಗ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು, ಹೆಚ್ಚಿನವರು ಹೆಂಗಸರು. ವಾರಗಟ್ಟಲೆ ಅವರು ಗೇಟಿನ ಬಳಿ ಧರಣಿ ಕೂತರು. ಕಾವೇರಿ ಚಳವಳಿಯಲ್ಲಿ ಸುನಂದಾ ಜಯರಾಂ ಅವರಂಥ ರೈತ ನಾಯಕಿ ದಶಕಗಳಿಂದ ಬೀದಿಯಲ್ಲಿದ್ದಾರೆ. ಟೀವಿ ಸುದ್ದಿಯಲ್ಲಿ ಈ ಹೆಂಗಸರು ಖಾಲಿ ಕೊಡ ಹಿಡಿದು ಅರ್ಧ ನಿಮಿಷ ಕಾಣಿಸುತ್ತಾರೆ, ಅಷ್ಟರಲ್ಲಿ ಜಾಹೀರಾತು ಬರುತ್ತದೆ.

ಇದುವರೆಗೆ ಈ ಸೀಮೆಯ ಹೆಣ್ಣನ್ನು ನಿಜವಾಗಿ ಕಂಡ ಬರಹಗಾರರು ಬಹುತೇಕ ಇಲ್ಲಿನ ಗಂಡುಮಕ್ಕಳು, ಅವರ ಋಣ ದೊಡ್ಡದು. ಇನ್ನು ಬರೆಯಬೇಕಾದವರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಾಲೇಜುಗಳಲ್ಲಿ ಈಗ ಓದುತ್ತಿರುವ ಹುಡುಗಿಯರು. ಮೈಸೂರಿನ ಬಳಿ ಚಿತ್ರನಗರಿ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಅದು ಎದ್ದು ನಿಲ್ಲುವವರೆಗೆ ಕಾಯಬೇಕಿಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಹುಡುಗಿಯರಿಗಾಗಿ ಚಿತ್ರಕತೆ ಬರೆಯುವ ಶಿಬಿರಗಳನ್ನು ನಡೆಸಲಿ. ಮಹದೇವಪುರಕ್ಕೆ ಬರುವ ಚಿತ್ರತಂಡಗಳು ಊರಿನ ಒಬ್ಬಿಬ್ಬರು ಹೆಣ್ಣುಮಕ್ಕಳನ್ನಾದರೂ ಸಹಾಯಕ ನಿರ್ದೇಶಕಿಯರಾಗಿ ಕೆಲಸಕ್ಕೆ ತೆಗೆದುಕೊಳ್ಳಲಿ.